ಚೇತನ ಅರ್ಜಿಗೆ ಮೊದಲು ಮಾಡಿಸುವ ಕೆಲಸಗಳು

ದಂಧೆ ಬಿಡಬೇಕು ಎಂದು ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು ಚೇತನ ಯೋಜನೆಯನ್ನು. ದಮನಿತ ಮಹಿಳೆಯರು, ಅಂದರೆ ಲೈಂಗಿಕ ಕಾರ್ಯಕರ್ತೆಯರು, ಸ್ವಂತ ದುಡಿಮೆ ಹಿಡಿಯಲೆಂದು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಕೊಡುವ 30,000 ರೂಪಾಯಿ ಅದು. ನಿಗಮ ಅರ್ಜಿ ಕರೆದಾಗ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಪ್ರಕಟಣೆ ಬಂದ ಮೇಲೆ ಕಾಗದಪತ್ರ ಹೊಂದಿಸಲು ಹೊರಟರೆ ಕೊನೇ ದಿನಾಂಕ ದಾಟಿರುತ್ತದೆ. ಅದಕ್ಕೇ ನಾನು ಆಧಾರ್‌ನಿಂದ ಶುರುಮಾಡುತ್ತೇನೆ.

ಆಧಾರ್‌ನಲ್ಲಿ ಮೊದಲು ನೋಡುವುದು ಅದಕ್ಕೆ ಜೋಡಿಸಿದ ಮೊಬೈಲ್ ನಂಬರು. ಎಷ್ಟೋ ಸಲ ಅದು ದಂಧೆಯ ಮನೆ ನಡೆಸುವ ಘರ್‌ವಾಲಿಯದೋ ದಲ್ಲಾಳಿಯದೋ ಆಗಿರುತ್ತದೆ. ಒಟಿಪಿ ಅವರ ಫೋನಿಗೆ ಹೋಯಿತೋ, ಅರ್ಜಿ ನಿಂತಿತು; ಇವಳು ಬಿಟ್ಟು ಹೊರಟಿದ್ದಾಳೆಂಬ ಸುದ್ದಿಯೂ ಮುಟ್ಟಿತು. ಅವಳ ಹೆಸರಲ್ಲೇ ಹೊಸ ಸಿಮ್ ಕೊಡಿಸಿ, ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ. ಅದಕ್ಕೆ ಬೇರೆ ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು.

ಆಧಾರೇ ಇಲ್ಲದವರನ್ನು ವಿಳಾಸದ ದಾಖಲೆ ತನ್ನಿ ಎಂದು ವಾಪಸ್ ಕಳಿಸುತ್ತಾರೆ. ಒಪ್ಪಬೇಡಿ. ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರ್ ಕೊಡಬೇಕು, ಕಸುಬು ಗೊತ್ತಾಗುವಂಥ ಯಾವ ಗುರುತೂ ಅದರಲ್ಲಿ ಇರಕೂಡದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದೇ ಹೇಳಿದೆ. ಆದೇಶದ ಪ್ರತಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಆಮೇಲೆ ಬ್ಯಾಂಕು. ನೇರ ಜಮೆಯ ಹಣ ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಆ ಖಾತೆಯಲ್ಲಿ ಹಳೇ ಸಾಲದ ಕಂತು ಬಾಕಿಯಿದ್ದರೆ ಬಂದ ದುಡ್ಡು ಅಲ್ಲೇ ಮುರಿದುಹೋಗುತ್ತದೆ. ಬೇರೆ ಬ್ಯಾಂಕಿನಲ್ಲಿ ಜೀರೋ ಬ್ಯಾಲೆನ್ಸ್ ಖಾತೆ ತೆಗೆಸಿ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಎಂಬ ನಮೂದು) ಬದಲಿಸಿ ಎಂದು ಬಾಯಿಬಿಟ್ಟು ಕೇಳಿ; ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಅದು ಆಗಿರುವುದಿಲ್ಲ. ಪಾಸ್‌ಬುಕ್ಕಿನ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ, ಇನಿಷಿಯಲ್ ಸಮೇತ.

ಇನ್ನು ಆ ದುಡ್ಡಿನಲ್ಲಿ ಹಿಡಿಯುವ ಕೆಲಸ. ಹೊಲಿಗೆ ಬಾರದವಳ ಅರ್ಜಿಯಲ್ಲಿ ಹೊಲಿಗೆ ಯಂತ್ರ ಬರೆಸಬೇಡಿ. ದಂಧೆಯಲ್ಲಿ ಕೈಗೆ ದುಡ್ಡು ದಿನಾ ಬರುತ್ತಿತ್ತು, ವಾರದ ಕಂತೂ ಅದರಲ್ಲೇ ಹೋಗುತ್ತಿತ್ತು. ತಿಂಗಳಿಗೊಮ್ಮೆ ದುಡ್ಡು ಕಾಣುವ ಕೆಲಸ ಹಿಡಿಸಿದರೆ ಮೂರನೇ ವಾರಕ್ಕೆ ಸಾಲದವರು ಬಾಗಿಲಿಗೆ ಬರುತ್ತಾರೆ. ತರಕಾರಿ, ಹೂವು, ತಿಂಡಿಗಾಡಿಯಂಥ ದಿನದ ವ್ಯಾಪಾರವೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇದ್ದ ಮನೆಯನ್ನು ತಕ್ಷಣ ಬಿಡಲೇಬೇಕಾದವರಿಗೆ ಮಹಿಳಾ ಸಹಾಯವಾಣಿ 181. ಇಂಥವರಿಗೆ ಆಶ್ರಯ ಕೊಡುತ್ತಿದ್ದ ಸ್ವಾಧಾರ, ಉಜ್ವಲ ಕೇಂದ್ರಗಳು ಈಗ ಶಕ್ತಿ ಸದನ. ಗಂಡುಮಕ್ಕಳಿಗೆ ಅಲ್ಲಿ ವಯಸ್ಸಿನ ಮಿತಿ ಇದೆ. ಫೋನಿನಲ್ಲೇ ಕೇಳಿಕೊಳ್ಳಿ, ಇಲ್ಲವಾದರೆ ಬಾಗಿಲಲ್ಲಿ ತಾಯಿ ಒಳಗೆ, ಮಗ ಹೊರಗೆ.

ಅರ್ಜಿಯನ್ನು ಮಾತ್ರ ಅವಳ ಊರಿನ ಗ್ರಾಮ ಒನ್‌ನಲ್ಲಿ ಹಾಕಿಸಬೇಡಿ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಯೋಜನೆಯ ಹೆಸರನ್ನು ಅಲ್ಲಿ ಗಟ್ಟಿಯಾಗಿಯೇ ಕೇಳುತ್ತಾರೆ.