ಅಡ್ಮಿನ್‌ಗಳೇ, ಮೊದಲು ಆ ಮೆಸೇಜ್ ಅಳಿಸಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ನಮ್ಮ ಭಾಗದ ರೈತರ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ನೋಡಬೇಕು. ಮೇಲ್ಭಾಗದ ಗಂಗಾವತಿ ಕಡೆಯವರು ತುಂಬಿ ನಿಂತ ಭತ್ತದ ಗದ್ದೆಯ ಫೋಟೊ ಹಾಕುತ್ತಾರೆ. ಮಾನ್ವಿಯ ಕೊನೆ ಭಾಗದವರು ಒಣ ಕಾಲುವೆಯ ಫೋಟೊ ಹಾಕುತ್ತಾರೆ. ಮೂರನೇ ಮೆಸೇಜೇ ಬೈಗುಳ. ಆಗ ಅಡ್ಮಿನ್ ಎಲ್ಲರ ಮುಂದೆ ಗದರುತ್ತಾನೆ, ಇಲ್ಲವೇ ಸೀದಾ ಹೊರಗೆ ಹಾಕುತ್ತಾನೆ. ಹೊರಬಿದ್ದವರು ಸಂಜೆಯೊಳಗೆ ಇನ್ನೊಂದು ಗ್ರೂಪ್ ಕಟ್ಟಿರುತ್ತಾರೆ.

ಮೊದಲು ಸೆಟ್ಟಿಂಗ್. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬುದನ್ನು ಆನ್ ಮಾಡಿ. ಮೇಲ್ಭಾಗದ ಒಬ್ಬರನ್ನು, ಕೊನೆ ಭಾಗದ ಒಬ್ಬರನ್ನು ಅಡ್ಮಿನ್ ಮಾಡಿ. ಅಷ್ಟೇ.

ಕಷ್ಟ ಇರುವುದು ಬೈಗುಳ ಬಿದ್ದ ಮೇಲೆ. ಬೇರೆಯವರ ಮೆಸೇಜನ್ನೂ ಅಡ್ಮಿನ್ ಎಲ್ಲರ ಫೋನಿನಿಂದ ಅಳಿಸಬಹುದು. 2022ರಿಂದ ಈ ಸೌಲಭ್ಯ ಇದೆ, ಎಷ್ಟೋ ಅಡ್ಮಿನ್‌ಗಳಿಗೆ ಗೊತ್ತೇ ಇಲ್ಲ! ಬೆದರಿಕೆ ಇದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಪೊಲೀಸರಿಗೆ ತೋರಿಸಲು ಬೇಕಾಗುತ್ತದೆ. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು ಅಳಿಸಿ. ಅಳಿಸಿದ್ದು ಅಡ್ಮಿನ್ ಎಂದು ಅಲ್ಲಿ ಕಾಣುತ್ತದೆ, ಕದ್ದುಮುಚ್ಚಿ ಮಾಡಲಾಗದು. ಹಾಗಾಗಿ ಕೂಡಲೇ ಬರೆದವರಿಗೆ ಫೋನ್ ಮಾಡಿ. ಟೈಪ್ ಮಾಡಬೇಡಿ, ಅಕ್ಷರಕ್ಕೆ ದನಿ ಇರಲ್ಲ. ‘ಕಾಕಾ, ನಿಮ್ಮ ಸಿಟ್ಟು ಖರೇ ಐತ್ರಿ. ಆದ್ರ ಆ ಮಾತು ತೆಗದೀನ್ರಿ. ನೀರಿನ ವಿಷಯ ಬರೀರಿ, ಮನೆತನದ್ದು ಬ್ಯಾಡ’ ಅನ್ನಿ. ಗ್ರೂಪಿನಲ್ಲಿ ಹುಲಿಯಾದವರು ಫೋನಿನಲ್ಲಿ ತಣ್ಣಗಿರುತ್ತಾರೆ.

ವದಂತಿಗೆ ಬೇರೆ ಮದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಅಂಥ ರಾತ್ರಿ ಎರಡು ಬಾಣದ ಗುರುತಿರುವ ಮೆಸೇಜನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಕೈಯಿಂದ ಕೈಗೆ ದಾಟಿ ಬಂದದ್ದು. ‘ಈ ಫೋಟೊ ಎಲ್ಲಿ ತೆಗೆದಿದ್ದು?’ ಎಂದು ಕೇಳಿ, ಉತ್ತರ ಬರದಿದ್ದರೆ ಅಳಿಸಿ.

ಬೈಗುಳವನ್ನು ತಾನೇ ಅಳಿಸುತ್ತದೆ ಎಂದು ಯಾರೋ ಕೊಡುವ ನಕಲಿ ವಾಟ್ಸ್‌ಆ್ಯಪ್ ಹಾಕಿಕೊಳ್ಳಬೇಡಿ. ನಿಮ್ಮ ನಂಬರೇ ಬಂದ್ ಆಗಬಹುದು. ಹೊರಗೆ ಹಾಕುವುದು ಎರಡು ಸಲ ಹೇಳಿದರೂ ಕೇಳದವರನ್ನು ಮಾತ್ರ. ಆಮೇಲೆ ಗ್ರೂಪಿನ ಲಿಂಕ್ ಬದಲಿಸಿ.

ಇಡೀ ಗ್ರೂಪೇ ಹೊತ್ತಿಕೊಂಡರೆ, ಅಡ್ಮಿನ್ ಮಾತ್ರ ಬರೆಯುವಂತೆ ಒಂದು ರಾತ್ರಿ ಬೀಗ ಹಾಕಿ. ಬೆಳಿಗ್ಗೆ ತೆಗೆಯಿರಿ. ನಾನೊಮ್ಮೆ ಮರೆತಿದ್ದೆ. ಮೂರು ದಿನ ಒಂದು ಮೆಸೇಜೂ ಇಲ್ಲ. ಜನ ಸುಧಾರಿಸಿದರು ಅಂತ ಸುಮ್ನೆ ಖುಷಿಪಡುತ್ತಿದ್ದೆ.