ಅಮೆರಿಕದಲ್ಲಿ ಮ್ಯಾಮೊಗ್ರಾಮ್: ಸ್ಕ್ರೀನಿಂಗೋ ಡಯಾಗ್ನಾಸ್ಟಿಕ್ಕೋ?

ಅಮೆರಿಕದಲ್ಲಿ ಮ್ಯಾಮೊಗ್ರಾಮ್‌ಗೆ (ಸ್ತನ ಕ್ಯಾನ್ಸರ್ ಪತ್ತೆಗೆ ತೆಗೆಯುವ ಎಕ್ಸ್-ರೇ) ಫೋನ್ ಮಾಡಿದೊಡನೆ ಅತ್ತ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ಸ್ಕ್ರೀನಿಂಗೋ, ಡಯಾಗ್ನಾಸ್ಟಿಕ್ಕೋ? ಯಂತ್ರ ಒಂದೇ. ಆದರೆ ಎಷ್ಟು ಚಿತ್ರ ತೆಗೆಯಬೇಕು, ಚಿತ್ರ ಓದುವ ವೈದ್ಯರಾದ ರೇಡಿಯಾಲಜಿಸ್ಟ್ ಆಗಲೇ ನೋಡಬೇಕೋ ಆಮೇಲೋ, ಬಿಲ್ ಯಾರ ಹೆಗಲಿಗೆ ಎಂಬುದೆಲ್ಲ ಈ ಉತ್ತರದ ಮೇಲೆಯೇ ನಿಂತಿದೆ.

ಯಾವ ತೊಂದರೆಯೂ ಇಲ್ಲದವರಿಗೆ ಮಾಡುವುದು ಸ್ಕ್ರೀನಿಂಗ್. ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಕಾರ್ಯಪಡೆ 2024ರ ಏಪ್ರಿಲ್‌ನಿಂದ ಹೇಳುತ್ತಿರುವುದು 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂದು. ಬಹುತೇಕ ಇನ್ಶೂರೆನ್ಸ್‌ಗಳು 40 ದಾಟಿದವರಿಗೆ ವರ್ಷಕ್ಕೊಂದರಂತೆ, ನೆಟ್‌ವರ್ಕ್‌ನೊಳಗಿನ (ಆ ಇನ್ಶೂರೆನ್ಸ್ ಜೊತೆ ಒಪ್ಪಂದವಿರುವ) ಕೇಂದ್ರವಾದರೆ ಕೈಯಿಂದ ಒಂದು ಡಾಲರನ್ನೂ ಕೇಳದೆ ಕೊಡಬೇಕು. ಎಚ್-4 ವೀಸಾದಲ್ಲಿದ್ದು ಗಂಡನ ಕಂಪನಿಯ ಪ್ಲಾನ್‌ನಲ್ಲಿರುವವರಿಗೂ ಇದೇ ನಿಯಮ.

ಗಂಟು ಸಿಕ್ಕಿದೆ, ಚರ್ಮ ಒಳಗೆ ಎಳೆದುಕೊಂಡಿದೆ, ತೊಟ್ಟಿನಿಂದ ರಕ್ತ ಬರುತ್ತಿದೆ ಎಂದಾದರೆ ಅದು ಡಯಾಗ್ನಾಸ್ಟಿಕ್. ಅದಕ್ಕೆ ವೈದ್ಯರ ಚೀಟಿ ಬೇಕು, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಕೂಡ ಬೀಳಬಹುದು. ಖರ್ಚಿಗೆ ಹೆದರಿ ಗಂಟಿನ ವಿಷಯ ಮುಚ್ಚಿಟ್ಟು ಸ್ಕ್ರೀನಿಂಗ್ ಮಾಡಿಸಬೇಡಿ. ಆ ಜಾಗಕ್ಕೆಂದೇ ತೆಗೆಯುವ ಚಿತ್ರ, ಅಲ್ಟ್ರಾಸೌಂಡ್ ಎರಡೂ ಆಗ ತಪ್ಪಿಹೋಗುತ್ತವೆ. ಕೈಗೆ ಸಿಗುವ ಗಂಟು ಮ್ಯಾಮೊಗ್ರಾಮ್‌ನಲ್ಲಿ ಕಾಣದೆಯೂ ಇರಬಹುದು. ‘ನಾರ್ಮಲ್’ ಎಂಬ ಕಾಗದ ನಂಬಿ ತಿಂಗಳುಗಟ್ಟಲೆ ಸುಮ್ಮನಿರುವುದೇ ನಿಜವಾದ ಅಪಾಯ.

ಪರೀಕ್ಷೆಯ ದಿನ ಕಂಕುಳಿಗೆ ಡಿಯೋಡರೆಂಟ್, ಎದೆಗೆ ಪೌಡರ್ ಹಾಕಬೇಡಿ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಮೂಡಿ ಸುಣ್ಣದ ಕಣಗಳಂತೆ ಕಾಣುತ್ತವೆ. ಸುಣ್ಣದ (ಕ್ಯಾಲ್ಸಿಯಂ) ಕಣಗಳು ಕೆಲವೊಮ್ಮೆ ಕ್ಯಾನ್ಸರ್‌ನ ಸುಳಿವಾದ್ದರಿಂದ ರೇಡಿಯಾಲಜಿಸ್ಟ್ ಹುಡುಕುವುದೇ ಅವನ್ನು. ಸೊಂಟದ ಮೇಲಿನ ಬಟ್ಟೆ ಪೂರ್ತಿ ತೆಗೆಯಬೇಕಾಗುವುದರಿಂದ ಚೂಡಿದಾರಕ್ಕಿಂತ ಶರ್ಟು-ಪ್ಯಾಂಟು ಅನುಕೂಲ. ಸರ, ತಾಳಿ ತೆಗೆದಿಡಲು ಹೇಳುತ್ತಾರೆ. ಸಾಮಾನ್ಯವಾಗಿ ಒಂದೊಂದು ಸ್ತನಕ್ಕೆ ಎರಡರಂತೆ ನಾಲ್ಕು ಚಿತ್ರ, ಮೇಲಿನಿಂದ ಒಂದು, ಓರೆಯಾಗಿ ಒಂದು. ಪ್ರತಿ ಸಲವೂ ಕೆಲವು ಸೆಕೆಂಡು ಬಿಗಿಯಾಗಿ ಅದುಮುತ್ತಾರೆ. ಅಂಗಾಂಶ ತೆಳುವಾಗಿ ಹರಡಿದಷ್ಟೂ ವಿಕಿರಣ ಕಡಿಮೆ ಸಾಕು, ಚಿತ್ರವೂ ಅಲುಗುವುದಿಲ್ಲ. ಮುಟ್ಟಿಗೆ ಮುಂಚಿನ ವಾರ ಸ್ತನ ನೋಯುವವರು ಆ ವಾರ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ. 3ಡಿ ಯಂತ್ರದಲ್ಲಿ ಎಕ್ಸ್-ರೇ ಕೊಳವೆ ಕಮಾನಿನಂತೆ ತಿರುಗುತ್ತಾ ಪದರಪದರವಾಗಿ ಚಿತ್ರ ಕೊಡುತ್ತದೆ. ಆಯ್ಕೆ ಇದ್ದರೆ ಅದನ್ನೇ ಕೇಳಿ. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲೇ ಹೇಳಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಿಂದೆ ಮ್ಯಾಮೊಗ್ರಾಮ್ ಆಗಿದ್ದರೆ ಅದರ ಮೂಲ ಡಿಜಿಟಲ್ ಚಿತ್ರಗಳ ಸಿ.ಡಿ. ತರಿಸಿಕೊಳ್ಳಿ. ಬರೀ ರಿಪೋರ್ಟ್ ಹಾಳೆ ಸಾಲದು. ಐದು ವರ್ಷದಿಂದ ಹಾಗೇ ಇರುವ ಕಲೆಗೂ ಹೊಸದಾಗಿ ಹುಟ್ಟಿದ ಕಲೆಗೂ ಇರುವ ವ್ಯತ್ಯಾಸ ಹಳೆಯ ಚಿತ್ರ ಪಕ್ಕದಲ್ಲಿದ್ದರೆ ಮಾತ್ರ ತಿಳಿಯುತ್ತದೆ. ಅಮೆರಿಕದೊಳಗೇ ಊರು ಬದಲಿಸುವಾಗಲೂ ಚಿತ್ರಗಳನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಫಲಿತಾಂಶದ ಪತ್ರ 30 ದಿನದೊಳಗೆ ಬರಲೇಬೇಕೆಂದು ಕಾನೂನು. ಅದಕ್ಕೂ ಮೊದಲೇ ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ‘ಬೈ-ರಾಡ್ಸ್ 0’ (ಬೈ-ರಾಡ್ಸ್ ಎಂದರೆ ಫಲಿತಾಂಶಕ್ಕೆ ರೇಡಿಯಾಲಜಿಸ್ಟ್ ಕೊಡುವ ಅಂಕೆ) ಎಂದು ಕಂಡು ಅನೇಕರ ಎದೆ ಧಸಕ್ಕೆನ್ನುತ್ತದೆ. 0 ಎಂದರೆ ಚಿತ್ರ ಸಾಲದು, ಇನ್ನಷ್ಟು ಬೇಕು ಎಂದಷ್ಟೇ. ನೂರರಲ್ಲಿ ಸುಮಾರು ಹತ್ತು ಮಂದಿಯನ್ನು ಹೀಗೆ ಮತ್ತೆ ಕರೆಯುತ್ತಾರೆ, ಅವರಲ್ಲಿ ಬಹುಪಾಲಿನವರಿಗೆ ಕ್ಯಾನ್ಸರ್ ಇರುವುದಿಲ್ಲ. 1, 2 ಬಂದರೆ ನಿಶ್ಚಿಂತೆ. 3ಕ್ಕೆ ಆರು ತಿಂಗಳಲ್ಲಿ ಮತ್ತೆ ಚಿತ್ರ. 4, 5 ಬಂದರೆ ಬಯಾಪ್ಸಿ, ಮುಂದೂಡಬೇಡಿ. 0 ಬಂದವರು ಇನ್ಶೂರೆನ್ಸ್‌ಗೆ ಫೋನ್ ಮಾಡಿ: 2026ರಿಂದ ಶುರುವಾಗುವ ಪ್ಲಾನ್ ವರ್ಷಗಳಲ್ಲಿ, ಸ್ಕ್ರೀನಿಂಗ್ ಪೂರ್ತಿಯಾಗಲು ಬೇಕಾದ ಹೆಚ್ಚುವರಿ ಚಿತ್ರಗಳನ್ನೂ ಬಹುತೇಕ ಪ್ಲಾನ್‌ಗಳು ಉಚಿತವಾಗಿ ಕೊಡಬೇಕು. ಬಿಲ್ ಬಂದರೆ ಅದರಲ್ಲಿ ಪರೀಕ್ಷೆಗೆ ಹಾಕಿರುವ ಕೋಡ್ ಸರಿಯಿದೆಯೇ ಎಂದು ಕೇಳದೆ ಕಟ್ಟಬೇಡಿ.

2024ರ ಸೆಪ್ಟೆಂಬರ್ 10ರಿಂದ ಪತ್ರದಲ್ಲಿ ಸ್ತನದ ಸಾಂದ್ರತೆಯನ್ನೂ ಬರೆಯಬೇಕು. ಸಾಂದ್ರ (ಕೊಬ್ಬು ಕಡಿಮೆ, ಗ್ರಂಥಿ-ನಾರು ಹೆಚ್ಚಿರುವ) ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಹೀಗಾಗಿ ಒಂದರಲ್ಲಿ ಇನ್ನೊಂದು ಮರೆಯಾಗುತ್ತದೆ. ‘ಡೆನ್ಸ್’ ಎಂದಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕೇ ಎಂದು ವೈದ್ಯರಲ್ಲಿ ಕೇಳಿ. ನೀರುಗುಳ್ಳೆಯೋ ಗಟ್ಟಿ ಗಡ್ಡೆಯೋ ಎಂದು ಅಲ್ಟ್ರಾಸೌಂಡ್ ಚೆನ್ನಾಗಿ ಹೇಳುತ್ತದೆ, ಸುಣ್ಣದ ಕಣಗಳನ್ನು ಹಿಡಿಯುವುದರಲ್ಲಿ ಹಿಂದೆ. ಎಂಆರ್‌ಐ ಮುಖ್ಯವಾಗಿ ಬಿಆರ್‌ಸಿಎ ಜೀನ್ ದೋಷದಂಥ ಹೆಚ್ಚಿನ ಅಪಾಯವಿರುವವರಿಗೆ. ಎಂಆರ್‌ಐ ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಗ್ಯಾಡೊಲಿನಿಯಮ್ ಎಂಬ ದ್ರವ ಚುಚ್ಚುವುದರಿಂದ ಮೂತ್ರಪಿಂಡದ ತೊಂದರೆಯಿದ್ದರೆ ತಿಳಿಸಿ. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂತು ಎಂಬುದನ್ನು ಊರಿಗೆ ಫೋನ್ ಮಾಡಿ ಬರೆದಿಟ್ಟುಕೊಳ್ಳಿ. ತಂದೆಯ ಕಡೆಯದೂ ಲೆಕ್ಕಕ್ಕೆ ಬರುತ್ತದೆ.

ಅದುಮದೆ, ವಿಕಿರಣವಿಲ್ಲದೆ ಮಾಡುತ್ತೇವೆಂದು ಜಾಹೀರಾತು ಕೊಡುವ ಥರ್ಮೋಗ್ರಫಿಗೆ (ಮೈಶಾಖದ ಚಿತ್ರ) ಹಣ ಸುರಿಯಬೇಡಿ. ಮ್ಯಾಮೊಗ್ರಾಮ್‌ಗೆ ಅದು ಬದಲಿಯಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ಮಗಳ ಬಾಣಂತನಕ್ಕೆಂದು ಬರುವ ಅಮ್ಮಂದಿರ ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಸ್ಕ್ರೀನಿಂಗ್‌ಗೆ ಹಣ ಕೊಡುವುದಿಲ್ಲ. ಊರಲ್ಲೇ ಮಾಡಿಸಿಕೊಂಡು ವಿಮಾನ ಹತ್ತುವುದು ಒಳ್ಳೆಯದು.