ಗಮನಕ್ಕೆ ಬಂದಿದೆ, ಸರಿ. ಮಾಡಿದ್ದು ಯಾರು?

ಮಿಮಿಕ್ರಿ ಇಲ್ಲದೆ, ಯಾರ ಹೆಸರೂ ಹೇಳದೆ, ಸ್ವಂತದ್ದೊಂದು ಜೋಕೂ ಸೇರಿಸದೆ ರಾಜಕೀಯ ವಿಡಂಬನೆ ಮಾಡುತ್ತೇನೆ ಅಂದಾಗ ನಮ್ಮ ತಂಡದ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟರು. "ಅಲ್ಲಯ್ಯ, ಅದು ನಾಟಕವಾ, ಕನ್ನಡ ಮೇಷ್ಟ್ರ ಪಾಠವಾ?" ಅಂದರು. ಗಾಂಧಿ ಬಜಾರಿನಲ್ಲಿ ಆಡಿದ ಮಾತು. ಆರು ವರ್ಷ ಆಗಿರಬೇಕು. ಮೊನ್ನೆ ಹನುಮಂತನಗರದ ಪ್ರಯೋಗಕ್ಕೆ ಅದೇ ಹಿರಿಯರು ಬಂದಿದ್ದರು. ಮುಗಿದ ಮೇಲೆ ಸ್ಕ್ರಿಪ್ಟ್ ಕೇಳಿದರು. ಕೊಟ್ಟೆ, ಆದರೆ ಪೂರ್ತಿ ಕೊಡಲಿಲ್ಲ. ಇಲ್ಲಿಯೂ ಪೂರ್ತಿ ಬರೆಯುವುದಿಲ್ಲ. ಆದರೂ ವಿಡಂಬನೆ ಬರೆಯುವ, ಆಡುವ ನಮ್ಮವರಿಗೆ ಉಪಯೋಗಕ್ಕೆ ಬರುವಷ್ಟು ಖಂಡಿತ ಬರೆಯುತ್ತೇನೆ.

ನನ್ನ ಹೊಟ್ಟೆಪಾಡು ಪ್ರೂಫ್ ನೋಡುವುದು. ಚಾಮರಾಜಪೇಟೆಯ ಪ್ರೆಸ್‌ಗಳಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಸ್ಮರಣ ಸಂಚಿಕೆ, ವಾರ್ಷಿಕ ವರದಿ, ನಾಯಕರ ಭಾಷಣಗಳ ಪುಸ್ತಕ, ಎಲ್ಲ ನನ್ನ ಕೈ ದಾಟಿ ಹೋಗಿವೆ. ಅಂಥದ್ದೇ ಒಂದು ಭಾಷಣದ ಪುಟದಲ್ಲಿ ಮೇಲಿನ ಸಾಲು "ರಸ್ತೆ ಮಾಡಿಸಿದ್ದೇವೆ" ಅಂತಿತ್ತು. ಕೆಳಗಿನ ಸಾಲು "ಕೆಲವೆಡೆ ಕಾಮಗಾರಿ ವಿಳಂಬವಾಗಿದೆ". ಮಾಡಿಸಿದವರು ಇದ್ದಾರೆ. ವಿಳಂಬ ಮಾಡಿದವರು ಇಲ್ಲ. ರಸ್ತೆಗೆ ಕರ್ತೃ ಇದ್ದಾನೆ, ಗುಂಡಿಗೆ ಇಲ್ಲ. ಅವತ್ತು ರಾತ್ರಿ ಎರಡು ಪೆನ್ನು ಹಿಡಿದು ಕೂತೆ. ಕರ್ತೃ ಇರುವ ಕ್ರಿಯಾಪದಕ್ಕೆ ಹಸಿರು, ಇಲ್ಲದ್ದಕ್ಕೆ ಕೆಂಪು. ಒಳ್ಳೆಯ ಸುದ್ದಿಯ ಪುಟಗಳೆಲ್ಲ ಹಸಿರು, ಕಷ್ಟದ ಸುದ್ದಿಯ ಪುಟಗಳೆಲ್ಲ ಕೆಂಪು. ಅಷ್ಟು ವರ್ಷ ಕಾಗುಣಿತ ನೋಡಿದ ಕಣ್ಣಿಗೆ ಇದು ಬಿದ್ದಿರಲೇ ಇಲ್ಲ.

ನಮ್ಮ ಮನೆಗಳಲ್ಲಿ ಯಾರೂ "ಅನ್ನ ಬೇಯಿಸಲಾಗಿದೆ" ಅನ್ನುವುದಿಲ್ಲ. "ಅನ್ನ ಮಾಡಿದ್ದೀನಿ, ಬನ್ನಿ" ಅನ್ನುತ್ತೇವೆ. "ಲಾಗಿದೆ", "ಲಾಗುವುದು" ಆಫೀಸಿನ ಕನ್ನಡ, ಬಾಯಿಯ ಕನ್ನಡವಲ್ಲ. ಅದು ಬಾಯಿಗೆ ಬಂದಾಗ ಯಾರೋ ಒಬ್ಬರು ವಾಕ್ಯದಿಂದ ಹೊರಗೆ ಹೋಗಿರುತ್ತಾರೆ. ನನ್ನ ಕೆಲಸ ಅವರನ್ನು ಹುಡುಕಿ ತರುವುದು, ಅಷ್ಟೇ.

ಅಷ್ಟೇ ಅಂದೆ, ಆದರೆ ಅದು ಕೂಡಿಬರಲು ನಾಲ್ಕು ವರ್ಷ ಹಿಡಿಯಿತು.

ಮೊದಲ ವರ್ಷ ಎಲ್ಲರಂತೆ ಮಿಮಿಕ್ರಿಯಿಂದಲೇ ಶುರು ಮಾಡಿದೆ. ತಂಡದಲ್ಲಿ ಒಬ್ಬ ಹುಡುಗನಿಗೆ ಐದಾರು ನಾಯಕರ ಧ್ವನಿ ಚೆನ್ನಾಗಿ ಬರುತ್ತಿತ್ತು. ಜನ ಧ್ವನಿಗೆ ನಕ್ಕರು, ಕೆಮ್ಮಿಗೆ ನಕ್ಕರು, ಶಲ್ಯ ಸರಿ ಮಾಡಿಕೊಳ್ಳುವುದಕ್ಕೆ ನಕ್ಕರು. ಆಟ ಮುಗಿದ ಮೇಲೆ ನಾನು ಹತ್ತು ಜನರನ್ನು ಕೇಳಿದೆ: "ಅವರು ಏನು ಹೇಳಿದರು?" ಒಬ್ಬರಿಗೂ ನೆನಪಿರಲಿಲ್ಲ. ಮಾತು ಬಯಲಿಗೆ ಬರಲಿಲ್ಲ, ಧ್ವನಿಯ ಹಿಂದೆ ಇನ್ನಷ್ಟು ಚೆನ್ನಾಗಿ ಅಡಗಿಕೊಂಡಿತು. ಆಮೇಲೆ ಒಂದು ಬಡಾವಣೆಯ ಗಣೇಶೋತ್ಸವದಲ್ಲಿ ಆ ನಾಯಕರ ಕಡೆಯ ಹುಡುಗರು ವೇದಿಕೆ ಹತ್ತಿರ ಬಂದು ನಿಂತರು. ಸಮಿತಿಯವರು ಹನ್ನೆರಡನೇ ನಿಮಿಷಕ್ಕೆ ಮೈಕ್ ಆಫ್ ಮಾಡಿಸಿದರು. ಒಪ್ಪಿಕೊಂಡ ಐದು ಸಾವಿರದಲ್ಲಿ ಮೂರು ಸಾವಿರ ಬರಲೇ ಇಲ್ಲ. ಟೆಂಪೊ ಬಾಡಿಗೆ ನಾನೇ ಕೊಟ್ಟೆ.

ಎರಡನೇ ವರ್ಷ ವ್ಯಾಜಸ್ತುತಿ ಹಿಡಿದೆ. ಹೊಗಳಿದ ಹಾಗೆ ತೆಗಳುವುದು ನಮ್ಮಲ್ಲಿ ಹಳೆಯ ವಿದ್ಯೆ. ದಾಸರು ದೇವರನ್ನೇ ಬಿಡದೆ ನಿಂದಾಸ್ತುತಿ ಹಾಡಿದ್ದಾರೆ. ಆ ಧೈರ್ಯದ ಮೇಲೆ ಮುಕ್ಕಾಲು ಗಂಟೆಯ ಅಭಿನಂದನಾ ಭಾಷಣ ಬರೆದೆ. ಗುಂಡಿಗಳನ್ನು ಇಂಗುಗುಂಡಿ ಅಂತ ಹೊಗಳಿದೆ. ಸ್ವಲ್ಪ ಜನ ನಕ್ಕರು. ಉಳಿದವರು ನಿಜವಾದ ಸನ್ಮಾನ ಅಂದುಕೊಂಡು ಚಪ್ಪಾಳೆ ತಟ್ಟಿದರು. ಒಂದು ಪಕ್ಷದ ಕಾರ್ಯಕರ್ತರು ಬಂದು, "ಸಾರ್, ನಮ್ಮ ಅಣ್ಣನ ಹುಟ್ಟುಹಬ್ಬಕ್ಕೂ ಒಂದು ಬರೆದುಕೊಡಿ" ಅಂದರು. ತಪ್ಪು ಅವರದಲ್ಲ. ನಿಜವಾದ ಅಭಿನಂದನಾ ಭಾಷಣಗಳು ಈಗ ಆ ಮಟ್ಟಕ್ಕೇ ಹೋಗಿವೆ. ನಾನು ಎಷ್ಟು ಉಬ್ಬಿಸಿದರೂ ಅದಕ್ಕಿಂತ ಮೇಲೆ ಹೋಗಲು ಆಗಲಿಲ್ಲ.

ಈ ಎರಡು ವರ್ಷದಲ್ಲಿ ಕೈಯಿಂದ ಹೋದದ್ದು ಸುಮಾರು ಎಪ್ಪತ್ತು ಸಾವಿರ. ಒಂದು ಪ್ರಯೋಗಕ್ಕೆ ಹಾಲ್ ಬಾಡಿಗೆ ಏಳೆಂಟು ಸಾವಿರ, ಮೈಕ್ ಸೆಟ್ ಮೂರೂವರೆ, ತಿಂಡಿ ಕಾಫಿ ಸಾವಿರದ ಮೇಲೆ. ಡಬ್ಬಿಯಲ್ಲಿ ಬಿದ್ದದ್ದು ಹೆಚ್ಚೆಂದರೆ ಎರಡು ಸಾವಿರ. ನನ್ನ ಹೆಂಡತಿ ಚೀಟಿ ಎತ್ತಿದ ದುಡ್ಡೂ ಇದಕ್ಕೇ ಹೋಯಿತು. ಅವಳು ಜಗಳ ಆಡಲಿಲ್ಲ. "ರೀ, ದುಡ್ಡು ಖರ್ಚಾಯ್ತು ಅನ್ನಬೇಡಿ, ಖರ್ಚು ಮಾಡಿದೆ ಅನ್ನಿ" ಅಂದಳು. ನನ್ನದೇ ಪಾಠ ನನಗೆ ವಾಪಸ್ ಬಂತು. ಆ ಮಾತಿನಿಂದಲೇ ದಾರಿ ಸಿಕ್ಕಿತು ಅಂತ ಈಗಲೂ ನಂಬಿದ್ದೇನೆ. ಆ ಆಫೀಸಿನ ಮಾತನ್ನು ಮನೆಗೆ ತಂದರೆ ಸಾಕು.

ಸಾಮಗ್ರಿಗೆ ನಾನು ಹೋದದ್ದು ವಿಧಾನಸಭೆಯ ಪ್ರಶ್ನೋತ್ತರಗಳಿಗೆ. ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಷ್ಟೇ ಉತ್ತರಿಸುವ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಎರಡೂ ಎಲ್ಲರಿಗೂ ಓದಲು ಸಿಗುತ್ತವೆ. ಒಂದು ಕಡೆ ಪ್ರಶ್ನೆ, ಪಕ್ಕದಲ್ಲಿ ಉತ್ತರ. "ಸರ್ಕಾರದ ಗಮನಕ್ಕೆ ಬಂದಿದೆಯೇ?" "ಬಂದಿದೆ." "ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?" "ಪರಿಶೀಲನೆಯಲ್ಲಿದೆ." "ಯಾವಾಗ ಪೂರ್ಣಗೊಳಿಸಲಾಗುವುದು?" "ಅನುದಾನದ ಲಭ್ಯತೆಗನುಗುಣವಾಗಿ." ಮೊದಲ ಉತ್ತರ "ಇಲ್ಲ" ಅಂತಾದರೆ ಮುಂದಿನದಕ್ಕೆಲ್ಲ ಒಂದೇ ಪದ, "ಉದ್ಭವಿಸುವುದಿಲ್ಲ". ಪಕ್ಷ ಯಾವುದೇ ಇರಲಿ, ಈ ಉತ್ತರಗಳು ಬದಲಾಗಿಲ್ಲ. ನಾಲ್ಕು ಸರ್ಕಾರಗಳ ಉತ್ತರ ಕಲಸಿ ಇಟ್ಟು "ಇದು ಯಾರ ಕಾಲದ್ದು?" ಅಂತ ಪ್ರೇಕ್ಷಕರನ್ನು ಕೇಳಿದ್ದೇನೆ. ಎಲ್ಲ ಪಕ್ಷದವರೂ ಕೂತಿದ್ದ ಸಭೆಯಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಜಗಳವೂ ಆಗಲಿಲ್ಲ. ಮೈಕ್ ಆಫ್ ಮಾಡಿಸುವ ಕಾಟ ಅಲ್ಲಿಗೆ ಮುಗಿಯಿತು.

ಈ ಪದಗಳನ್ನು ಒಂದಕ್ಷರ ಬದಲಿಸದೆ ಮೇಸ್ತ್ರಿಯ ಬಾಯಲ್ಲಿ ಇಟ್ಟೆ. ಬೆಂಗಳೂರಲ್ಲಿ ಒಂದು 30–40 ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವ ಯಜಮಾನಮ್ಮ. ಸಜ್ಜಾ ಬಿದ್ದಿದೆ.

"ಮೇಸ್ತ್ರಿ, ಸಜ್ಜಾ ಬಿದ್ದೋಗಿದೆಯಲ್ಲಾ?"

"ಗಮನಕ್ಕೆ ಬಂದಿದೆ ಅಮ್ಮ."

"ಸಿಮೆಂಟ್ ಎಷ್ಟು ಹಾಕಿದ್ರಿ?"

"ಅನುದಾನದ ಲಭ್ಯತೆಗನುಗುಣವಾಗಿ ಹಾಕಲಾಗಿದೆ."

"ದುಡ್ಡು ಎಣಿಸಿ ಕೊಟ್ಟಿದ್ದೀನಲ್ರೀ!"

"ಪರಿಶೀಲನೆಯಲ್ಲಿದೆ."

"ಯಾರು ಪರಿಶೀಲಿಸ್ತಿರೋದು?"

"ಉದ್ಭವಿಸುವುದಿಲ್ಲ."

ಇದನ್ನು ಮೊದಲ ಸಲ ಆಡಿದ್ದು ಬನಶಂಕರಿ ಕಡೆಯ ಒಂದು ಬಡಾವಣೆಯ ರಾಜ್ಯೋತ್ಸವದಲ್ಲಿ. ಎಂಬತ್ತು, ತೊಂಬತ್ತು ಜನ. "ಗಮನಕ್ಕೆ ಬಂದಿದೆ" ಅನ್ನುವಾಗ ಸಣ್ಣ ನಗು. "ಲಭ್ಯತೆಗನುಗುಣವಾಗಿ" ಅನ್ನುವಾಗ ಹಿಂದಿನ ಸಾಲಿನವರು ಎದ್ದು ನಿಂತರು. ಕೊನೆಯ ಉತ್ತರಕ್ಕೆ ನಗುವೇ ಬರಲಿಲ್ಲ. ಒಬ್ಬರು ಕೂತಲ್ಲಿಂದಲೇ "ಅದನ್ನೇ ನಮಗೂ ಹೇಳಿದ್ದು!" ಅಂತ ಕೂಗಿದರು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೇಸ್ತ್ರಿಗೆ ನಾವು ಒಂದು ನಿಮಿಷವೂ ಕೊಡದ ರಿಯಾಯಿತಿಯನ್ನು ಆಳುವವರಿಗೆ ವರ್ಷಗಟ್ಟಲೆ ಕೊಟ್ಟಿದ್ದೇವೆ. ಅದು ಜನಕ್ಕೆ ಅಲ್ಲಿ ಕಂಡಿತು, ನಾನು ವಿವರಿಸಬೇಕಾಗಲಿಲ್ಲ.

ಕೆಲವು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ವಾಕ್ಯ ಪೂರ್ತಿ ಇರಬೇಕು, ಕತ್ತರಿಸಬಾರದು. ಕತ್ತರಿಸಿದರೆ "ನನ್ನ ಹೇಳಿಕೆ ತಿರುಚಲಾಗಿದೆ" ಅನ್ನುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಹೇಳಿದವರ ಹೆಸರು ಬೇಡ, ವಾಕ್ಯ ಸಾಕು. "ಯಾರು?" ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ನಮ್ಮ ನಟಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಮೇಸ್ತ್ರಿ ಪಾತ್ರಕ್ಕೆ ಯಾಕೆ ಯಾವಾಗಲೂ ಮೃದು ದನಿಯವರನ್ನೇ ಹಾಕುತ್ತೇನೆ ಅನ್ನುವುದನ್ನು ನೀವೇ ಮಾಡಿ ನೋಡಿ, ಗೊತ್ತಾಗುತ್ತದೆ. ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ಸುದ್ದಿಯನ್ನು ಅವತ್ತೇ ರಂಗದ ಮೇಲೆ ತರುತ್ತಿದ್ದರು. ನನಗೆ ಆ ಆಶು ವಿದ್ಯೆ ಇಲ್ಲ. ನನ್ನ ಬಲ ಕಾಗದದ್ದು, ಹಾಗಾಗಿ ಎರಡು ವಾರ ಬೇಕೇ ಬೇಕು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಭಾಷಣದಲ್ಲಿ ಬರುವ ಡಿಪಿಆರ್ (ಅಂದರೆ ಯೋಜನೆಯ ವಿವರವಾದ ವರದಿ), ಟೆಂಡರ್ ಪ್ರೋಸೆಸ್, ಟೆಕ್ನಿಕಲ್ ಇಶ್ಯೂ ಎಲ್ಲವನ್ನೂ ಅಚ್ಚಗನ್ನಡಕ್ಕೆ ತಿರುಗಿಸಿ ಓದಿಸಿದೆ. ಜನ ಜೋರಾಗಿ ನಕ್ಕರು, ಆದರೆ ಕನ್ನಡಕ್ಕೆ ನಕ್ಕರು. ನನಗೆ ಹೊಟ್ಟೆ ಉರಿಯಿತು. ಮರುದಿನವೇ ಆ ಭಾಗ ತೆಗೆದೆ. ಯಾರಾದರೂ ಆ ದಾರಿ ಹಿಡಿಯುವುದಾದರೆ ದಯವಿಟ್ಟು ಬೇಡ.

ಇನ್ನೊಂದು ಸಲ ಮಾಹಿತಿ ಹಕ್ಕು ಅರ್ಜಿಯನ್ನೇ ರಂಗಕ್ಕೆ ತಂದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಪದ ಎಣಿಸಿ ಬರೆಯುವಾಗ ಗೊತ್ತಾಯಿತು, ನಾವೂ "ಮಾಹಿತಿ ಒದಗಿಸಲಾಗಬೇಕಾಗಿ ಕೋರಲಾಗಿದೆ" ಅಂತ ಬರೆಯುತ್ತೇವೆ. "ಯಾವ ಅಧಿಕಾರಿ, ಯಾವ ತಾರೀಖು, ಎಷ್ಟು ರೂಪಾಯಿ" ಅಂತ ಕೇಳಿದರೆ ಇಪ್ಪತ್ತು ಪದ ಸಾಕು. ಇದು ನಾಟಕವಾಗಿ ಬೋರಾಯಿತು. ಆದರೆ ಅರ್ಜಿ ಬರೆಯಲು ಕಲಿತವರು ನನ್ನ ಲೆಕ್ಕದಲ್ಲೇ ಹದಿನೈದು ಜನ ಇದ್ದಾರೆ.

ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಒಂದು ಪ್ರಯೋಗ ನೋಡಿ ಬೇಜಾರು ಮಾಡಿಕೊಂಡರು. "ಪರಿಶೀಲನೆಯಲ್ಲಿದೆ ಅನ್ನುವುದು ಎಷ್ಟೋ ಸಲ ನಿಜ. ಫೈಲು ನಿಜವಾಗಿ ಟೇಬಲ್ ಮೇಲೆ ಇರುತ್ತೆ" ಅಂದರು. ಅವರ ಮಾತು ಸರಿ. ಅದಾದ ಮೇಲೆ ಯಜಮಾನಮ್ಮನ ಪ್ರಶ್ನೆ ಬದಲಿಸಿದೆ. "ಯಾರು?" ಜೊತೆಗೆ "ಯಾವ ತಾರೀಖಿಗೆ?" ಸೇರಿಸಿದೆ. ನಿಜ ಹೇಳುವವರಿಗೆ ತಾರೀಖು ಹೇಳಲು ಕಷ್ಟವಿಲ್ಲ.

"ಯಾವ ರಾಜಕಾರಣಿ ನಾನು ಮಾಡಿದೆ ಅಂತಾರೆ ಸಾರ್, ಸುಮ್ನೆ ಬಿಡಿ" ಅನ್ನುವವರು ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಕಥೆ ಹೇಳುತ್ತೇನೆ. ಇರಾನಿಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ 1987ರ ಜನವರಿಯಲ್ಲಿ ಅವರು ಸಂಸತ್ತಿನ ಮುಂದೆ ಹೇಳಿದ್ದು ಗಂಭೀರ ತಪ್ಪುಗಳು ಆದವು ಅಂತ. ತಪ್ಪು ತಾನಾಗಿ ಆಯಿತಂತೆ. ಅದೇ ವರ್ಷ ಮಾರ್ಚ್ 4ರಂದು ಟಿ.ವಿ.ಯಲ್ಲಿ ದೇಶಕ್ಕೆ ಮಾತಾಡುವಾಗ ನನ್ನ ಮತ್ತು ನನ್ನ ಆಡಳಿತದ ಕೆಲಸಗಳ ಪೂರ್ತಿ ಹೊಣೆ ನನ್ನದು ಅಂದರು. ಜನ, ಪತ್ರಿಕೆ, ತನಿಖೆ ಮೂರೂ ಬಿಡದೆ ಕೇಳುತ್ತಿದ್ದವು. ಒಂದೂ ಕಾಲು ತಿಂಗಳಲ್ಲಿ ವಾಕ್ಯಕ್ಕೆ ಕರ್ತೃ ಬಂದ. ಎರಡೂ ವಾಕ್ಯ ಒಂದರ ಪಕ್ಕ ಒಂದು ಓದಿಸಿದರೆ ಸಭೆ ಗಪ್‌ಚಿಪ್.

ನಮ್ಮ ಊರಲ್ಲಿ ಈ ಪ್ರಶ್ನೆ ಇನ್ನೂ ಕಷ್ಟದ್ದು. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಅದಾಗಿ ಹೆಚ್ಚುಕಡಿಮೆ ಐದು ವರ್ಷ ಕಳೆದು, ಚುನಾವಣೆ ನಡೆಯದೆಯೇ, 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಅಷ್ಟು ಕಾಲ ವಾರ್ಡಿಗೆ ಕಾರ್ಪೊರೇಟರ್ ಇಲ್ಲ, ವಾಕ್ಯಕ್ಕೆ ಕರ್ತೃ ಇಲ್ಲ. ನಮ್ಮ ಪ್ರಯೋಗ ನೋಡಿದ್ದ ಒಬ್ಬ ಅಜ್ಜಿ ತಮ್ಮ ಬೀದಿಯ ಚರಂಡಿ ವಿಷಯಕ್ಕೆ ಎಂಜಿನಿಯರ್ ಬಂದಾಗ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡೆ. ಎಂಜಿನಿಯರ್ "ಆದಷ್ಟು ಬೇಗ ಸರಿಪಡಿಸಲಾಗುವುದು ಅಮ್ಮ" ಅಂದರು. ಅಜ್ಜಿ ಹಾಲಿನ ಲೆಕ್ಕದ ನೋಟ್‌ಬುಕ್ ತೆಗೆದು, "ಯಾರಪ್ಪ ಸರಿಪಡಿಸೋದು? ನೀನಾ?" ಅಂದರು. ಆಮೇಲೆ ಸುಮ್ಮನಾದರು. ನನ್ನ ಲೆಕ್ಕಕ್ಕಿಂತಲೂ ಜಾಸ್ತಿ ಹೊತ್ತು ಸುಮ್ಮನಿದ್ದರು. "ನಾನೇ ಮಾಡಿಸ್ತೀನಿ ಅಜ್ಜಿ, ಇಪ್ಪತ್ತನೇ ತಾರೀಖು" ಅಂತ ಬಂತು ಉತ್ತರ. ಬರೆದುಕೊಂಡರು. ಇಪ್ಪತ್ತಕ್ಕೆ ಆಗಲಿಲ್ಲ, ಒಂದು ವಾರ ಬಿಟ್ಟು ಕಲ್ಲುಚಪ್ಪಡಿ ಬಂತು.

ಈಗ ಒಂದು ಪ್ರಯೋಗಕ್ಕೆ ಆರು ಸಾವಿರದ ಹತ್ತಿರ ಸಿಗುತ್ತದೆ. ಮೂವರು ಹಂಚಿಕೊಳ್ಳುತ್ತೇವೆ. ಹಾಲ್ ಬೇಡ, ಪಾರ್ಕಿನ ಮಂಟಪ ಸಾಕು, ಮೈಕೂ ಬೇಡ. ಚೀಟಿ ದುಡ್ಡು ಹೋದ ವರ್ಷ ತೀರಿಸಿದೆ.

ಒಂದು ಪದ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. "ನೋಡೋಣ." ಇದರಲ್ಲಿ ಕರ್ತೃ ಇದ್ದಾನೆ, "ನಾವು". ಹೇಳುವವರೂ ಕೇಳುವವರೂ ಒಟ್ಟಿಗೆ ಕೂತು ನೋಡುವವರು. ಹಾಗಾಗಿ "ಯಾರು?" ಅಂತ ಕೇಳಿದರೆ ನಾವೇ ಸಿಕ್ಕಿಬೀಳುತ್ತೇವೆ. ಮೇಸ್ತ್ರಿ ಬಾಯಲ್ಲಿ ಇಟ್ಟರೆ ಯಾರೂ ನಗುವುದಿಲ್ಲ, ಯಾಕೆಂದರೆ ಅದು ಆಫೀಸಿನ ಕನ್ನಡವಲ್ಲ, ಮಕ್ಕಳು ಸೈಕಲ್ ಕೇಳಿದಾಗ ನಾವೆಲ್ಲ ಹೇಳುವ ಮಾತು. ಮೂರು ಸಲ ಆಡಿದೆ, ಮೂರು ಸಲವೂ ಸಪ್ಪೆಯಾಯಿತು. ಮುಂದಿನ ತಿಂಗಳು ಹೆಣ್ಣಿನ ಕಡೆಯವರು ಮದುವೆಯ ತಾರೀಖು ಕೇಳುವ ಸೀನಿನಲ್ಲಿ ಇಟ್ಟು ನೋಡುತ್ತೇನೆ. ಗಂಡಿನ ತಂದೆ ಹನ್ನೊಂದು ಸಲ "ನೋಡೋಣ" ಅನ್ನುತ್ತಾರೆ, ಹನ್ನೆರಡನೆಯದಕ್ಕೆ ಹುಡುಗಿಯ ಅಜ್ಜಿ ನೋಟ್‌ಬುಕ್ ತೆಗೆಯುತ್ತಾರೆ. ಅಲ್ಲಿಂದ ಮುಂದಿನ ಸಾಲು ಇನ್ನೂ ಬರೆದಿಲ್ಲ.